ಒಬ್ಬರಿಗೆ ಅದ್ಭುತ, ಇನ್ನೊಬ್ಬರಿಗೆ ದಂಡ: ಹೊಸ ಡಾರ್ಕ್ ರೈಡ್ ಬಗ್ಗೆ ಯಾರ ಮಾತು ನಂಬುವುದು?

ಪ್ರಶ್ನೆ: ನಾವು ಉಡುಪಿಯವರು. ಡಿಸೆಂಬರ್‌ನಲ್ಲಿ ಫ್ಲೋರಿಡಾದಲ್ಲಿರುವ ಅಕ್ಕನ ಮನೆಗೆ ಹೋಗುತ್ತಿದ್ದೇವೆ. ಭಾವ ಒರ್ಲಾಂಡೋದ ಯೂನಿವರ್ಸಲ್ ಎಪಿಕ್ ಯೂನಿವರ್ಸ್ ಪಾರ್ಕಿಗೆ ಟಿಕೆಟ್ ಮಾಡಿದ್ದಾರೆ. ಅಲ್ಲಿನ 'ಮಾನ್‌ಸ್ಟರ್ಸ್ ಅನ್‌ಚೈನ್ಡ್' ಎಂಬ ಡಾರ್ಕ್ ರೈಡ್ (ಕತ್ತಲ ಕಟ್ಟಡದೊಳಗೆ ಗಾಡಿಯಲ್ಲಿ ಕೂರಿಸಿ ದೃಶ್ಯ ತೋರಿಸುವ ಆಟ) ಬಗ್ಗೆ ಅಭಿಮಾನಿಗಳ ಮಾತು ಓದಿ ತಲೆ ಕೆಟ್ಟಿದೆ. ಕೆಲವರು ಯಂತ್ರದಿಂದ ಅಲ್ಲಾಡುವ ಇಂಥ ಗೊಂಬೆಗಳನ್ನು ಎಲ್ಲೂ ನೋಡಿಲ್ಲ ಎನ್ನುತ್ತಾರೆ. ಇನ್ನು ಕೆಲವರು ಕಥೆ ತಿಳಿಯುವುದಿಲ್ಲ, ಬೇಗ ಮುಗಿಯುತ್ತದೆ, ಕಾದದ್ದು ದಂಡ ಎನ್ನುತ್ತಾರೆ. ಯಾರನ್ನು ನಂಬುವುದು? ಎರಡು ಗಂಟೆ ಸಾಲಿನಲ್ಲಿ ನಿಲ್ಲಬಹುದಾ? ಮಗನಿಗೆ 8 ವರ್ಷ, ಎತ್ತರ 121 ಸೆಂಟಿಮೀಟರ್. ಹೆಂಡತಿಗೆ ಆಗುಂಬೆ ಘಾಟಿಯಲ್ಲೇ ತಲೆ ಸುತ್ತುತ್ತದೆ. ಜೊತೆಗೆ ಅಮ್ಮನೂ ಇರುತ್ತಾರೆ, ಅವರಿಗೆ 66.

ಉತ್ತರ: ಟಿಕೆಟ್ ಆಗಿಬಿಟ್ಟಿದೆ ಅಲ್ವಾ, ಹಾಗಾಗಿ ಚುಟುಕು ಉತ್ತರ ಮೊದಲೇ ಹೇಳಿಬಿಡುತ್ತೇನೆ. ನೀವು ಖಂಡಿತ ಕೂರಿ. ಮಗ ಕೂರುವುದು ಅವನ ಎತ್ತರಕ್ಕೆ ಬಿಟ್ಟದ್ದು. ನಿಮ್ಮ ಹೆಂಡತಿ ಸ್ವಲ್ಪ ಯೋಚಿಸಿ ಕೂರಲಿ. ಅಮ್ಮನಿಗೆ ಬೇಡ. ಸಾಲು ಒಂದೂಕಾಲು ಗಂಟೆ ದಾಟಿದೆ ಎಂದು ಬೋರ್ಡ್ ತೋರಿಸಿದರೆ ಬೇರೆ ಕಡೆ ಹೋಗಿ, ಆಮೇಲೆ ಬನ್ನಿ. ಇನ್ನು ಅಭಿಪ್ರಾಯಗಳ ವಿಷಯ. ನೀವು ಓದಿದ ಎರಡೂ ಕಡೆಯವರು ಸುಳ್ಳು ಹೇಳುತ್ತಿಲ್ಲ. ಅವರು ನೋಡಿದ ಆಟವೇ ಬೇರೆ ಬೇರೆ.

'ಆಟ' ಅಂತ ಬೇಕೆಂದೇ ಬರೆದೆ. ನಮ್ಮೂರಲ್ಲಿ ಯಕ್ಷಗಾನಕ್ಕೆ ಆಟ ಎನ್ನುತ್ತೇವೆ. ಅದೇ ಮೇಳ, ಅದೇ ಪ್ರಸಂಗ. ಆದರೆ ಕೋಟದಲ್ಲಿ ನೋಡಿದವರು ಹಾಡಿ ಹೊಗಳುತ್ತಾರೆ, ಕಾರ್ಕಳದಲ್ಲಿ ನೋಡಿದವರು ಮೂಗು ಮುರಿಯುತ್ತಾರೆ. ಅವತ್ತು ಭಾಗವತರ ಗಂಟಲು ಕೈಕೊಟ್ಟಿರಬಹುದು. ಮಳೆ ಬಂದಿರಬಹುದು. ನೋಡುವವರಿಗೆ ನಿದ್ದೆ ಬಂದಿದ್ದರೂ ಬಂದಿರಬಹುದು. ಸಿನಿಮಾ ಹಾಗಲ್ಲ, ಉಡುಪಿಯಲ್ಲೂ ಉಳ್ಳಾಲದಲ್ಲೂ ಅದೇ ರೀಲು. ಜನ ಡಾರ್ಕ್ ರೈಡನ್ನು ಸಿನಿಮಾದ ಹಾಗೆ ಅಳೆಯುತ್ತಾರೆ. ಅದು ನಡೆಯುವುದು ಆಟದ ಹಾಗೆ.

ಇದನ್ನು ನಾನು ಕಲಿತದ್ದು ಕೆಲಸದಲ್ಲಿ. ಹನ್ನೊಂದು ವರ್ಷ ಗಲ್ಫ್‌ನ ಒಂದು ಪಾರ್ಕಿನಲ್ಲಿ ರೈಡ್ ಮೇಂಟೆನೆನ್ಸ್ ಮಾಡಿದವನು ನಾನು. ಈಗ ಮಂಗಳೂರಿನಲ್ಲಿ ವೇದಿಕೆಗಳಿಗೆ ಲೈಟು, ಸೌಂಡು ನೋಡಿಕೊಳ್ಳುತ್ತೇನೆ. ಆ ಪಾರ್ಕಿನ ರೈಡಿನಲ್ಲಿ ಗುಹೆಯ ಬಾಗಿಲಿಗೆ ಒಬ್ಬ ಕಾವಲುಗಾರ ಇದ್ದ. ಗಾಳಿಯ ಒತ್ತಡದಿಂದ ಓಡುವ ಗೊಂಬೆ. ಗಾಡಿ ಹತ್ತಿರ ಬಂದ ಕೂಡಲೇ ತಲೆ ತಿರುಗಿಸಿ, ಕತ್ತಿ ಎತ್ತಿ, ಮುಂದಕ್ಕೆ ಬಾಗುತ್ತಿದ್ದ. ಒಂದು ಗುರುವಾರ ರಾತ್ರಿ ಅವನ ಭುಜದ ವಾಲ್ವ್ ಸೋರತೊಡಗಿತು. ಬಿಡಿಭಾಗ ಯುರೋಪಿನಿಂದ ಬರಬೇಕು. ಅದಕ್ಕಾಗಿ ರೈಡ್ ನಿಲ್ಲಿಸುತ್ತಾರಾ? ಇಲ್ಲ. ನಾವು ಕಾವಲುಗಾರನ ಮೇಲಿನ ಲೈಟ್ ಆರಿಸಿ, ಅವನ ಹಿಂದೆ ಮಿಂಚಿನ ಹಾಗೆ ಒಂದು ಫ್ಲ್ಯಾಶ್ ಹಾಕಿ, ಗುಡುಗಿನ ಸದ್ದು ಜಾಸ್ತಿ ಮಾಡಿದೆವು. ಒಂಬತ್ತು ದಿನ ಹಾಗೇ ಓಡಿತು. ಆ ಒಂಬತ್ತು ದಿನ ಬಂದವರು 'ಒಂದು ನೆರಳು ಬಿಟ್ಟರೆ ಏನೂ ಇಲ್ಲ' ಎಂದು ಬರೆದರು. ಅದಕ್ಕೆ ಮುಂಚೆ ಬಂದವರು 'ಕತ್ತಿ ಮೂಗಿನ ಹತ್ತಿರ ಬಂತು' ಎಂದು ಬರೆದಿದ್ದರು. ಎರಡು ಗುಂಪಿನವರೂ ಒಬ್ಬರನ್ನೊಬ್ಬರು ಸುಳ್ಳುಗಾರರು ಎಂದು ಬೈದುಕೊಂಡದ್ದನ್ನು ನಾನು ಕ್ಯಾಂಟೀನಿನಲ್ಲಿ ಕೂತು, ಚಾ ಕುಡಿಯುತ್ತಾ ಓದಿದ್ದೇನೆ.

ಹೀಗೆ ಕೆಟ್ಟ ಭಾಗವನ್ನು ಮುಚ್ಚಿಕೊಂಡು ಓಡಿಸುವುದಕ್ಕೆ ಈ ಕೆಲಸದಲ್ಲಿ 'ಬಿ ಮೋಡ್' ಎನ್ನುತ್ತಾರೆ. ಎಲ್ಲಾ ಸರಿ ಇದ್ದರೆ 'ಎ ಮೋಡ್'. ದೊಡ್ಡ ರೈಡ್‌ಗಳಿಗೆ ಬಿ ಮೋಡ್ ಅನ್ನು ಕಟ್ಟುವಾಗಲೇ ಯೋಚಿಸಿಟ್ಟಿರುತ್ತಾರೆ. ಇದರ ಜಗತ್ಪ್ರಸಿದ್ಧ ಉದಾಹರಣೆ ಡಿಸ್ನಿಯ 'ಎಕ್ಸ್‌ಪೆಡಿಶನ್ ಎವರೆಸ್ಟ್'. ಅದು ರೋಲರ್ ಕೋಸ್ಟರ್, ಆದರೆ ಒಳಗೆ ಸುಮಾರು 25 ಅಡಿ ಎತ್ತರದ ಯೇತಿ, ಅಂದರೆ ಹಿಮಮಾನವನ ಗೊಂಬೆ ಇದೆ. 2006ರಲ್ಲಿ ತೆರೆದಾಗ ಆ ಯೇತಿ ಕೈ ಬೀಸಿ ಹಿಡಿಯಲು ಬರುತ್ತಿತ್ತು. ಸ್ವಲ್ಪ ಕಾಲದಲ್ಲೇ ನಿಂತುಹೋಯಿತು. ಆಮೇಲೆ ಅದಕ್ಕೆ ಮಿಣಮಿಣ ಲೈಟ್ ಬಿಟ್ಟು ಅಲ್ಲಾಡಿದ ಹಾಗೆ ತೋರಿಸಿದರು. ಅಭಿಮಾನಿಗಳು ಬಿಡುತ್ತಾರಾ? 'ಡಿಸ್ಕೋ ಯೇತಿ' ಅಂತ ಹೆಸರಿಟ್ಟರು.

ಇದಕ್ಕಿಂತ ನನಗೆ ಇಷ್ಟವಾದದ್ದು ಇನ್ನೊಂದು ಕಥೆ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ 'ಹಾಂಟೆಡ್ ಮ್ಯಾನ್ಶನ್' ತೆರೆದದ್ದು 1969ರ ಆಗಸ್ಟ್‌ನಲ್ಲಿ. ಅದರಲ್ಲಿ ಕೈಯಲ್ಲಿ ಟೋಪಿಯ ಡಬ್ಬ ಹಿಡಿದ ಒಂದು ದೆವ್ವ ಇತ್ತು. ತಲೆ ಭುಜದಿಂದ ಮಾಯವಾಗಿ ಡಬ್ಬದೊಳಗೆ ಕಾಣಿಸಬೇಕು, ಅದು ಉಪಾಯ. ಆದರೆ ಸುತ್ತಲಿನ ಬೆಳಕು ಮುಖದ ಮೇಲೆ ಬಿದ್ದು ತಲೆ ಪೂರ್ತಿ ಮಾಯವಾಗುತ್ತಲೇ ಇರಲಿಲ್ಲ. ಸ್ವಲ್ಪ ದಿನದಲ್ಲೇ ತೆಗೆದರು. ಅದನ್ನು ನೋಡಿದವರು ಕೆಲವೇ ಮಂದಿ. ಅವರ ಬಾಯಿಂದ ಬಾಯಿಗೆ ಅದು ದಂತಕಥೆಯಾಯಿತು. ಕೊನೆಗೆ 2015ರಲ್ಲಿ, ಅಂದರೆ 46 ವರ್ಷ ಬಿಟ್ಟು, ಹೊಸ ತಂತ್ರದಿಂದ ಅದೇ ದೆವ್ವ ಮತ್ತೆ ಬಂತು. ಈಗ ತಲೆ ಸರಿಯಾಗಿ ಮಾಯವಾಗುತ್ತದೆ. ಒಂದು ಗೊಂಬೆಗೆ ಅಷ್ಟು ವರ್ಷ ಕಾಯುವ ಜನ ಇವರು. ಇವರ ಅಭಿಪ್ರಾಯ ಓದುವಾಗ ಇದು ನೆನಪಿರಲಿ.

ಡಾರ್ಕ್ ರೈಡ್ ಎಂದರೆ ಎಂತ ಎಂದು ಕೇಳುವ ಓದುಗರೂ ಇರುತ್ತಾರೆ. ಕಟ್ಟಡದೊಳಗೆ, ಕತ್ತಲಲ್ಲಿ, ಗಾಡಿಯಲ್ಲೋ ದೋಣಿಯಲ್ಲೋ ಕೂರಿಸಿ ಒಂದೊಂದೇ ದೃಶ್ಯ ತೋರಿಸುತ್ತಾ ಹೋಗುವುದು. ಅಷ್ಟೇ. ಕರಾವಳಿ ಉತ್ಸವದಲ್ಲೋ ಜಾತ್ರೆಯಲ್ಲೋ ತೊಟ್ಟಿಲಿನ ಪಕ್ಕ ಭೂತಬಂಗಲೆ ಹಾಕುತ್ತಾರಲ್ಲ, ಅಲ್ಲಿ ನಾವು ನಡೆಯುತ್ತೇವೆ, ಇಲ್ಲಿ ಗಾಡಿ ನಡೆಯುತ್ತದೆ. ವಿದ್ಯೆ ಹಳೆಯದು. 1901ರಲ್ಲಿ ಅಮೆರಿಕದ ಬಫಲೋ ನಗರದ ಪ್ರದರ್ಶನದಲ್ಲಿ ಜನರನ್ನು ಹಡಗಿನಂಥ ಒಂದು ಗಾಡಿಯಲ್ಲಿ ಕೂರಿಸಿ 'ಚಂದ್ರಲೋಕ'ಕ್ಕೆ ಕರೆದುಕೊಂಡು ಹೋಗಿದ್ದರು. 1928ರ ಹೊತ್ತಿಗೆ ಒಂದೇ ಹಳಿಯ ಮೇಲೆ ಕತ್ತಲಲ್ಲಿ ಓಡುವ ಸಣ್ಣ ಗಾಡಿಗಳು ಬಂದವು. ದೆವ್ವದ ವಿದ್ಯೆ ಇನ್ನೂ ಹಳೆಯದು. 1862ರಲ್ಲಿ ಲಂಡನ್ನಿನಲ್ಲಿ ಜಾನ್ ಹೆನ್ರಿ ಪೆಪ್ಪರ್ ಎಂಬವರು ವೇದಿಕೆಗೆ ದೊಡ್ಡ ಗಾಜು ಓರೆಯಾಗಿ ನಿಲ್ಲಿಸಿ, ಕೆಳಗೆ ಅಡಗಿದ್ದ ನಟನ ಮೇಲೆ ಬೆಳಕು ಬಿಟ್ಟರು. ಗಾಜಿನಲ್ಲಿ ಅವನ ಬಿಂಬ ದೆವ್ವದ ಹಾಗೆ ತೇಲಿತು. ಹಾಂಟೆಡ್ ಮ್ಯಾನ್ಶನ್‌ನಲ್ಲಿ ದೆವ್ವಗಳು ಜೋಡಿಯಾಗಿ ಕುಣಿಯುವುದೂ ಇದೇ ಉಪಾಯದಿಂದ. ರಾತ್ರಿ ಉಡುಪಿಯಿಂದ ಮಂಗಳೂರಿಗೆ ಬರುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಿಟಕಿ ಸೀಟಿಗೆ ಕೂತು ನೋಡಿ. ಒಳಗೆ ಲೈಟ್ ಉರಿಯುತ್ತಿದ್ದರೆ ನಿಮ್ಮ ಮುಖವೇ ಮೂಲ್ಕಿಯ ಕತ್ತಲಲ್ಲಿ ತೇಲುತ್ತಾ ಬರುತ್ತದೆ. ಕಂಡಕ್ಟರ್ ಲೈಟ್ ಆರಿಸಿದ ಕೂಡಲೇ ದೆವ್ವ ಮಾಯ.

ಈಗ ನಿಮ್ಮ ರೈಡಿಗೆ ಬರುತ್ತೇನೆ. ಎಪಿಕ್ ಯೂನಿವರ್ಸ್ ಬಾಗಿಲು ತೆರೆದದ್ದು 2025ರ ಮೇ 22ರಂದು. ಒಳಗೆ ಐದು ಲೋಕಗಳು. ಅದರಲ್ಲಿ 'ಡಾರ್ಕ್ ಯೂನಿವರ್ಸ್' ಎಂಬುದು ಹಳೆಯ ಕಾಲದ ರಾಕ್ಷಸರ ಊರು. ಊರಿನ ಬಂಗಲೆಯೊಳಗೆ ಈ ರೈಡ್. ವಿಕ್ಟೋರಿಯಾ ಫ್ರಾಂಕನ್‌ಸ್ಟೈನ್ ಎಂಬ ವಿಜ್ಞಾನಿ ತನ್ನ ಪೂರ್ವಜರ ಕಾಲದ ಪ್ರಯೋಗ ಮುಂದುವರಿಸಿ, ಡ್ರಾಕುಲಾನನ್ನು ಹಿಡಿತಕ್ಕೆ ತರಲು ಹೊರಡುತ್ತಾಳೆ. ಕೆಲಸ ಕೆಡುತ್ತದೆ. ರಾಕ್ಷಸರೆಲ್ಲಾ ಬಿಡುಗಡೆ. ನಾವು ನಡುವೆ ಸಿಕ್ಕಿಬೀಳುತ್ತೇವೆ. ಕಥೆ ಇಷ್ಟೇ. ಇದರಲ್ಲಿ ಬೆಚ್ಚಿಬೀಳುವಂಥ ತಿರುವು ಹುಡುಕಬೇಡಿ.

ಕೂರುವುದು ರೋಬೋ ತೋಳಿನ ತುದಿಯ ಸೀಟಿನಲ್ಲಿ. ಕಾರು ಕಾರ್ಖಾನೆಯಲ್ಲಿ ಬೆಸುಗೆ ಹಾಕುತ್ತದಲ್ಲ, ಆ ಜಾತಿಯ ತೋಳು. ತೋಳಿನ ಬುಡ ಹಳಿಯ ಮೇಲೆ ಮುಂದೆ ಸಾಗುತ್ತದೆ, ತುದಿಯಲ್ಲಿರುವ ನಮ್ಮನ್ನು ಅದು ಎತ್ತುತ್ತದೆ, ತಿರುಗಿಸುತ್ತದೆ, ಹಿಂದಕ್ಕೆ ವಾಲಿಸುತ್ತದೆ. ಇದೇ ಬಗೆಯ ತೋಳು 2010ರಲ್ಲಿ ಒರ್ಲಾಂಡೋದಲ್ಲೇ, ಹ್ಯಾರಿ ಪಾಟರ್‌ನ 'ಫರ್ಬಿಡನ್ ಜರ್ನಿ' ರೈಡಿನಲ್ಲಿ ಬಂದಿತ್ತು. ಅಲ್ಲಿ ಬಟ್ಟಲಿನಾಕಾರದ ಪರದೆಗಳು ಸೀಟಿನ ಜೊತೆಯಲ್ಲೇ ಸುತ್ತುತ್ತವೆ, ಮುಖದ ಮುಂದೆ ಹಾರಾಟದ ದೃಶ್ಯ ಓಡುತ್ತದೆ. ಅಬುಧಾಬಿಯ ವಾರ್ನರ್ ಬ್ರದರ್ಸ್ ವರ್ಲ್ಡ್‌ನಲ್ಲಿ ಬ್ಯಾಟ್‌ಮ್ಯಾನ್ ರೈಡಿಗೂ ತೋಳೇ. ಅದರಲ್ಲಿ ನಾನು ಹಲವು ಸಲ ಕೂತಿದ್ದೇನೆ. ಮೊದಲ ಸಲ ಇಳಿದಾಗ ಕಥೆ ಕೇಳಿದ್ದರೆ ಒಂದಕ್ಷರ ಹೇಳಲು ಆಗುತ್ತಿರಲಿಲ್ಲ. ಮೂರನೇ ಸಲಕ್ಕೆ ಎಲ್ಲಾ ತಿಳಿಯಿತು.

ಯಾಕೆ ಹಾಗೆ? ದೋಣಿಯಲ್ಲೋ ನಿಧಾನ ಗಾಡಿಯಲ್ಲೋ ಹೋಗುವಾಗ ದೃಶ್ಯ ಇಡೀ ಕಾಣುತ್ತದೆ, ಕಣ್ಣು ಎಲ್ಲಿ ಇಡಬೇಕೆಂದು ನಾವೇ ತೀರ್ಮಾನಿಸುತ್ತೇವೆ. ತೋಳಿನ ರೈಡಿನಲ್ಲಿ ಕಣ್ಣನ್ನು ತೋಳೇ ಹಿಡಿದು ತಿರುಗಿಸುತ್ತದೆ. ಒಂದು ಗೊಂಬೆಯ ಮುಂದೆ ಎರಡು ಮೂರು ಸೆಕೆಂಡ್. ಅಷ್ಟರಲ್ಲಿ ನೀವು ಪಕ್ಕದವರನ್ನು ನೋಡಿ ನಕ್ಕಿದ್ದರೆ ಆ ಗೊಂಬೆ ಹೋಯಿತು. ಜೊತೆಗೆ ಹೆದರಿದ ಮನಸ್ಸಿಗೆ ಮಾತು ಕೇಳಿಸುವುದಿಲ್ಲ. ಕಂಟ್ರೋಲ್ ರೂಮಿನ ಕ್ಯಾಮೆರಾದಲ್ಲಿ ಸಾವಿರಾರು ಮುಖ ನೋಡಿದ್ದೇನೆ. ಜನ ಕಿರುಚುವುದು ಗೊಂಬೆ ಎದ್ದಾಗ ಅಂತ ನೀವು ಅಂದುಕೊಳ್ಳಬಹುದು. ಹೆಚ್ಚಿನವರು ಅದಕ್ಕೂ ಮುಂಚಿನ ಕತ್ತಲಲ್ಲೇ ಕಿರುಚಿ ಮುಗಿಸಿರುತ್ತಾರೆ. ಆಗ ಪಾತ್ರ ಹೇಳುವ ಮಾತು ಯಾರ ಕಿವಿಗೂ ಬೀಳುವುದಿಲ್ಲ. 'ಕಥೆ ತಿಳಿಯಲಿಲ್ಲ' ಎಂಬ ದೂರಿನಲ್ಲಿ ಅರ್ಧ ಪಾಲು ಇದೇ.

ಹಾಗಾಗಿ ಕಥೆಯನ್ನು ಸಾಲಿನಲ್ಲೇ ತಿಳಿದುಕೊಳ್ಳಿ. ಬಂಗಲೆಯ ಒಳಗಿನ ಗೋಡೆ, ಚಿತ್ರ, ಮೊದಲ ಕೋಣೆಯ ಗೊಂಬೆಗಳು ಕಥೆಯ ಪೀಠಿಕೆ. ಅಲ್ಲಿ ಫೋನ್ ನೋಡುತ್ತಾ ನಿಂತವರೇ ಆಮೇಲೆ ಕಥೆಯಿಲ್ಲ ಎನ್ನುವವರು. ಆಟದಲ್ಲಿ ಪಾತ್ರಗಳ ಪರಿಚಯವಾಗುವ ಒಡ್ಡೋಲಗ ಬಿಟ್ಟು ಯುದ್ಧಕ್ಕೆ ಎದ್ದು ಬಂದವನಿಗೆ ಯಾರು ಯಾರನ್ನು ಹೊಡೆಯುತ್ತಿದ್ದಾರೆ ಎಂದು ಹೇಗೆ ತಿಳಿಯಬೇಕು?

ಹೊಗಳಿಕೆಯ ಬಗ್ಗೆ ಒಂದು ಮಾತು. ಈ ರೈಡನ್ನು ಅಭಿಮಾನಿಗಳು ಮೆಚ್ಚಿದ್ದು ಗೊಂಬೆಗಳಿಗಾಗಿ. ಅದರ ಹಿಂದೆ ಒಂದು ಹಳೆಯ ಜಗಳ ಇದೆ. 1999ರಲ್ಲಿ ಒರ್ಲಾಂಡೋದಲ್ಲಿ ಸ್ಪೈಡರ್‌ಮ್ಯಾನ್ ರೈಡ್ ಬಂತು. ಓಡುವ, ಕುಲುಕುವ ಗಾಡಿ, ಸುತ್ತ 3ಡಿ ಪರದೆ. ಗಾಡಿ ಚಲಿಸಿದ ಹಾಗೆ ಪರದೆಯ ಚಿತ್ರದ ಕೋನವೂ ಬದಲಾಗುವಂತೆ ಮಾಡಿದ್ದರು. ಆಗ ಅದು ನಿಜಕ್ಕೂ ಮಂತ್ರವಿದ್ಯೆ. ಆಮೇಲೆ ಬಂದದ್ದೆಲ್ಲಾ ಪರದೆ, ಪರದೆ, ಪರದೆ. ಜನಕ್ಕೆ ಸಾಕಾಯಿತು. 'ಸ್ಕ್ರೀನ್ ಜಾಸ್ತಿ' ಎಂಬುದು ಅಭಿಮಾನಿಗಳ ಬಾಯಲ್ಲಿ ಬೈಗುಳವೇ ಆಗಿಹೋಯಿತು. ಅಂಥ ಹೊತ್ತಿನಲ್ಲಿ ಮೈ ಕೈ ಇರುವ, ನಮ್ಮ ಮುಂದೆಯೇ ಉಸಿರಾಡಿದಂತೆ ಕಾಣುವ ರಾಕ್ಷಸರು ಬಂದರೆ ಹಬ್ಬ ಆಗದೆ ಇರುತ್ತದಾ? ನಮ್ಮಲ್ಲಿ ಕಾಲಮಿತಿ ಯಕ್ಷಗಾನ ಬಂದಾಗ ಇಡೀ ರಾತ್ರಿಯ ಆಟದವರು ಮಾಡಿದ ವಾದ ನೆನಪಿದೆಯಾ? ಇದೂ ಅದೇ ಥರದ ಜಗಳ. ಎರಡೂ ಕಡೆ ಪ್ರೀತಿ ಇದೆ, ಹಟವೂ ಇದೆ.

ನನ್ನ ಪಕ್ಷ ಗೊಂಬೆಯ ಕಡೆ. ಅದನ್ನು ಮುಚ್ಚಿಡುವುದಿಲ್ಲ. ಯಕ್ಷಗಾನದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸನ ಪಾತ್ರ ಬರುವ ಹೊತ್ತನ್ನು ನೆನಪು ಮಾಡಿಕೊಳ್ಳಿ. ಇಬ್ಬರು ತೆರೆ ಹಿಡಿದಿರುತ್ತಾರೆ. ಮೊದಲು ಕಿರೀಟದ ತುದಿ ಅಲ್ಲಾಡುತ್ತದೆ. ಆಮೇಲೆ ತೆರೆಯ ಮೇಲೆ ಬೆರಳು. ಚೆಂಡೆ ಏರುತ್ತದೆ. ದೊಂದಿಗೆ ರಾಳ ಎರಚಿದ ಕೂಡಲೇ ಭಗ್ಗೆಂದು ಬೆಂಕಿ, ಆ ಬೆಳಕಿನಲ್ಲಿ ಅರ್ಧ ಮುಖ. ಮುಖ ಪೂರ್ತಿ ಕಾಣುವ ಮೊದಲೇ ನಾವು ಹೆದರಿ ಆಗಿರುತ್ತದೆ. ಒಳ್ಳೆಯ ಡಾರ್ಕ್ ರೈಡ್ ಮಾಡುವುದು ಇಷ್ಟನ್ನೇ. ಎಷ್ಟು ತೋರಿಸುವುದು, ಎಷ್ಟು ಹೊತ್ತು ಮುಚ್ಚಿಡುವುದು, ಅದೇ ಲೆಕ್ಕ. ಪರದೆಯಲ್ಲಿ ರಾಕ್ಷಸ ಎಷ್ಟೇ ದೊಡ್ಡದಾಗಲಿ, ಅವನು ಇರುವ ಜಾಗದಲ್ಲಿ ನಾನಿಲ್ಲ ಎಂದು ಮೈಗೆ ಗೊತ್ತಿರುತ್ತದೆ.

ಹಾಗಂತ ಪರದೆಯೇ ಬೇಡ ಎನ್ನುವವರ ಮಾತು ಸುಮ್ನೆ ಒಪ್ಪಬೇಡಿ. ಅದೇ ಪಾರ್ಕಿನ ಹ್ಯಾರಿ ಪಾಟರ್ ಲೋಕದಲ್ಲಿ 'ಬ್ಯಾಟಲ್ ಅಟ್ ದಿ ಮಿನಿಸ್ಟ್ರಿ' ಎಂಬ ಇನ್ನೊಂದು ಡಾರ್ಕ್ ರೈಡ್ ಇದೆ. ಅಲ್ಲಿ ಲಿಫ್ಟಿನ ಹಾಗಿರುವ ಗಾಡಿ, ಪರದೆಯೂ ಧಾರಾಳ. ಸಾಲಿನಲ್ಲಿ ಸಿಗುವ ದೊಡ್ಡ ಹಜಾರವನ್ನು ಬೈದವರನ್ನು ನಾನು ಕಂಡಿಲ್ಲ. ಅಲ್ಲಿ ಎತ್ತರದ ಮಿತಿ 102 ಸೆಂಟಿಮೀಟರ್, ನಿಮ್ಮ ಮಗನಿಗೆ ಆರಾಮ. ಸಮಯ ಇದ್ದರೆ ಎರಡನ್ನೂ ನೋಡಿ. ಒಂದೇ ಆಗುವುದಾದರೆ, ಮಗ ಪುಸ್ತಕ ಓದಿಕೊಂಡವನಾದರೆ ಅದಕ್ಕೇ ಹೋಗಿ. ಅವನಿಗೆ ಪಾತ್ರಗಳ ಗುರುತಿದ್ದರೆ ಖುಷಿ ಎರಡು ಪಟ್ಟು.

ಇನ್ನೊಂದು ಬಗೆಯ ಅಭಿಪ್ರಾಯ ಇದೆ. ಅದನ್ನು ಓದುವಾಗ ಉಪ್ಪು ಖಾರ ಕಳೆದು ಓದಬೇಕು. ಹಳೆಯ ರೈಡ್ ಕೆಡವಿ ಹೊಸದು ಮಾಡಿದಾಗ ಬರುವ ಮಾತು ಅದು. 1998ರಲ್ಲಿ ಫ್ಲೋರಿಡಾದ ಮ್ಯಾಜಿಕ್ ಕಿಂಗ್‌ಡಮ್ 'ಮಿಸ್ಟರ್ ಟೋಡ್' ರೈಡನ್ನು ಮುಚ್ಚುವಾಗ ಜನ ಹಸಿರು ಅಂಗಿ ತೊಟ್ಟು ಪಾರ್ಕಿನೊಳಗೇ ಪ್ರತಿಭಟನೆ ಮಾಡಿದ್ದರು. ಟೋಡ್ ಎಂದರೆ ಕಪ್ಪೆ. ಒಂದು ಕಪ್ಪೆಗಾಗಿ! ಅದೇ ಪಾರ್ಕಿನ 'ಸ್ಪ್ಲಾಶ್ ಮೌಂಟನ್' ಜಾಗದಲ್ಲಿ 2024ರ ಜೂನ್‌ನಲ್ಲಿ 'ಟಿಯಾನಾಸ್ ಬಾಯೂ ಅಡ್ವೆಂಚರ್' ಬಂತು. ಗೊಂಬೆಗಳು ಒಂದಕ್ಕಿಂತ ಒಂದು ಚೆಂದ ಎಂದರು, ಆದರೆ ಖಳನೇ ಇಲ್ಲ, ಹಬ್ಬಕ್ಕೆ ವಾದ್ಯದವರನ್ನು ಹುಡುಕುವುದೂ ಒಂದು ಕಥೆಯಾ ಎಂದು ರಾಗ ಎಳೆದರು. ಹೇಳಿದವರ ಕಣ್ಣಲ್ಲಿ ಹಳೆಯ ರೈಡ್ ಕೂತಿತ್ತು. ಮೊದಲ ಸಲ ಹೋದ ಮಗುವಿಗೆ ಆ ಹಳೆಯದರ ಹಂಗಿಲ್ಲ. ಮಾನ್‌ಸ್ಟರ್ಸ್ ಅನ್‌ಚೈನ್ಡ್‌ಗೆ ಈ ತೊಂದರೆ ಕಡಿಮೆ, ಅದು ಹೊಸ ಜಾಗದಲ್ಲಿ ಹೊಸದಾಗಿ ಹುಟ್ಟಿದ್ದು.

ಅಭಿಪ್ರಾಯ ಓದುವಾಗ ನಾನು ನೋಡುವುದು ಅದನ್ನು ಬರೆದ ದಿನಾಂಕ. ತೆರೆದ ಮೊದಲ ವಾರಗಳ ಮಾತಾದರೆ ಬದಿಗಿಡುತ್ತೇನೆ, ಹೊಗಳಿಕೆಯಾದರೂ ಸರಿ, ತೆಗಳಿಕೆಯಾದರೂ ಸರಿ. ಹೊಸ ರೈಡ್ ಆಗ ನಿಂತು ನಿಂತು ಓಡುತ್ತದೆ. ಕಾರಣ ಸರಳ. ಕೊಂಕಣ ರೈಲ್ವೆಯಲ್ಲಿ ನಮ್ಮ ಕಡೆ ಒಂದೇ ಹಳಿ. ಮುಂದಿನ ಭಾಗ ಖಾಲಿಯಾಗದೆ ನಿಮ್ಮ ರೈಲನ್ನು ಉಡುಪಿಯ ಇಂದ್ರಾಳಿ ಸ್ಟೇಷನ್ನಿನಿಂದ ಬಿಡುವುದಿಲ್ಲ. ರೈಡಿನಲ್ಲೂ ಹಾಗೆ. ದಾರಿಯನ್ನು ತುಂಡು ತುಂಡಾಗಿ ಭಾಗ ಮಾಡಿರುತ್ತಾರೆ. ಒಂದು ಭಾಗದಲ್ಲಿ ಒಂದೇ ಗಾಡಿ. ಎಲ್ಲೋ ಒಂದು ಸೆನ್ಸರ್‌ಗೆ ಸಂಶಯ ಬಂದರೂ ಹಿಂದಿನ ಎಲ್ಲಾ ಗಾಡಿ ನಿಲ್ಲಬೇಕು. ಹೊಸ ಯಂತ್ರಕ್ಕೆ ಸಂಶಯ ಜಾಸ್ತಿ, ಹೊಸ ಸಿಬ್ಬಂದಿಗೆ ಇನ್ನೂ ಜಾಸ್ತಿ. ರಾಕ್ಷಸನ ಮುಂದೆ ಹತ್ತು ನಿಮಿಷ ಲೈಟ್ ಹಾಕಿ ಕೂರಿಸಿದರೆ ಯಾರಿಗೆ ತಾನೇ ಹೆದರಿಕೆ ಉಳಿಯುತ್ತದೆ? ಅವರು ಇಳಿದು ಹೋಗಿ 'ದಂಡ' ಎಂದು ಬರೆದರೆ ಅದು ಸತ್ಯವೇ. ನಿಮಗೆ ಉಪಯೋಗ ಇಲ್ಲ, ಅಷ್ಟೇ.

ಆಮೇಲೆ ಯಾವ ಸೀಟು. ತೋಳಿನ ರೈಡಿನಲ್ಲಿ ಬದಿಯ ಸೀಟಿಗೆ ದೃಶ್ಯದ ಅಂಚು ಕಾಣಿಸುತ್ತದೆ, ಕಪ್ಪು ಗೋಡೆ, ಪಕ್ಕದ ತೋಳು ಎಲ್ಲಾ. ನಡುವಿನ ಸೀಟಿಗೆ ಗೊಂಬೆ ಮುಖಾಮುಖಿ. ಕೂರಿಸುವಾಗ ಸಿಬ್ಬಂದಿಯ ಹತ್ತಿರ ನಗುತ್ತಾ ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ.

ವಿಡಿಯೊ ನೋಡಿ ತೀರ್ಮಾನ ಮಾಡುವುದಂತೂ ಬೇಡವೇ ಬೇಡ ಮಾರಾಯ್ರೆ. ನಮ್ಮ ಕಣ್ಣು ಕತ್ತಲನ್ನು ಕತ್ತಲಾಗಿಯೇ ಬಿಡುತ್ತದೆ. ಕ್ಯಾಮೆರಾ ಹಾಗಲ್ಲ, ಕತ್ತಲು ಕಂಡ ಕೂಡಲೇ ಬೆಳಕನ್ನು ಎಳೆದು ತರುತ್ತದೆ. ಛಾವಣಿಯ ಪೈಪು, ಕೇಬಲ್ಲು, ಗೊಂಬೆಯ ಕಾಲಿನ ಬೋಲ್ಟು ಎಲ್ಲಾ ಬಯಲು. ಹಗಲು ಹೊತ್ತು ಯಕ್ಷಗಾನದವರು ವೇಷ ಕಟ್ಟುವ ಚೌಕಿಗೆ ನುಗ್ಗಿ, ವೇಷ ಕಳಚಿ ಮಲಗಿದವರನ್ನು ನೋಡಿ ಆಟ ಚೆನ್ನಾಗಿಲ್ಲ ಎಂದ ಹಾಗೆ.

ಇನ್ನು ನಿಮ್ಮ ಹೆಂಡತಿಯ ತಲೆಸುತ್ತು. ಇದು ಅಭಿಪ್ರಾಯದ ಪ್ರಶ್ನೆ ಅಲ್ಲ, ಕಿವಿಯದು. ಒಳಕಿವಿಯಲ್ಲಿ ದೇಹದ ಚಲನೆಯನ್ನು ಅಳೆಯುವ ಅಂಗ ಇದೆ. ಕಣ್ಣು ಹೇಳುವುದೂ ಕಿವಿ ಹೇಳುವುದೂ ತಾಳೆಯಾಗದಿದ್ದರೆ ಹೊಟ್ಟೆ ತೊಳಸುತ್ತದೆ. ಘಾಟಿಯಲ್ಲಿ ಬಸ್ಸು ತಿರುಗುವುದು ಕಿವಿಗೆ ಗೊತ್ತು, ಆದರೆ ಕಣ್ಣು ಎದುರಿನ ಸೀಟಿನ ಬೆನ್ನು ನೋಡುತ್ತಾ ಎಲ್ಲಾ ಸ್ಥಿರ ಎನ್ನುತ್ತದೆ. ಪರದೆಯ ರೈಡಿನಲ್ಲಿ ಇದು ತಲೆಕೆಳಗು. ಕಣ್ಣು 'ಹಾರುತ್ತಿದ್ದೇನೆ' ಎನ್ನುತ್ತದೆ, ಕಿವಿ 'ಇಲ್ಲ, ಇಲ್ಲೇ ಕುಲುಕುತ್ತಿದ್ದೇವೆ' ಎನ್ನುತ್ತದೆ. ಮಾನ್‌ಸ್ಟರ್ಸ್ ಅನ್‌ಚೈನ್ಡ್‌ನಲ್ಲಿ ನಿಜವಾದ ದೃಶ್ಯಗಳು ಹೆಚ್ಚು. ಹಾಗಾಗಿ ಕಣ್ಣು ಕಿವಿ ಎರಡೂ ಒಂದೇ ಮಾತು ಹೇಳುತ್ತವೆ. ಅಷ್ಟರ ಮಟ್ಟಿಗೆ ಹಳೆಯ ತೋಳಿನ ರೈಡಿಗಿಂತ ವಾಸಿ. ಆದರೆ ತೋಳು ಹಿಂದಕ್ಕೆ ವಾಲಿಸುವುದು, ಗರಕ್ಕನೆ ತಿರುಗಿಸುವುದು ಇದ್ದೇ ಇದೆ. ಅದು ಘಾಟಿಯೇ.

ಆದ್ದರಿಂದ ಹೊರಡುವ ಮೊದಲೇ ಒಂದು ಪರೀಕ್ಷೆ ಮಾಡಿ. ಪಿಲಿಕುಳದಲ್ಲಿ 2018ರಿಂದ ಸ್ವಾಮಿ ವಿವೇಕಾನಂದ ತಾರಾಲಯ ಇದೆ. ಅಲ್ಲಿನ ಗುಮ್ಮಟದ ಪರದೆಯ 3ಡಿ ಪ್ರದರ್ಶನಕ್ಕೆ ಒಂದು ಭಾನುವಾರ ಕರೆದುಕೊಂಡು ಹೋಗಿ. ಸುಮ್ಮನೆ ಕೂತಲ್ಲೇ ತಲೆ ತಿರುಗಿದರೆ ಪರದೆ ಜಾಸ್ತಿ ಇರುವ ಯಾವ ರೈಡೂ ಅವರಿಗೆ ಬೇಡ. ಅಲ್ಲಿ ಏನೂ ಆಗದೆ ಘಾಟಿಯಲ್ಲಿ ಮಾತ್ರ ಆಗುವುದಾದರೆ, ತೋಳಿನ ರೈಡಿನಲ್ಲಿ ನಡುವಿನ ಸೀಟು, ತಲೆ ಹಿಂದಕ್ಕೆ ಒತ್ತಿ ಕೂರುವುದು, ಕಣ್ಣನ್ನು ಎದುರಿನ ಗೊಂಬೆಯ ಮೇಲೇ ನೆಡುವುದು. ಪರದೆ ಬಂದಾಗ ಕಣ್ಣು ಮುಚ್ಚಿದರೆ ಸುಧಾರಿಸುತ್ತದೆ. ನಿಜವಾಗಿ ತಿರುಗುವಾಗ ಮುಚ್ಚಿದರೆ ಹಲವರಿಗೆ ಇನ್ನೂ ಕೆಡುತ್ತದೆ. ಈ ವ್ಯತ್ಯಾಸ ಹೆಚ್ಚಿನವರಿಗೆ ಗೊತ್ತಿಲ್ಲ. ಹೊಟ್ಟೆ ಪೂರ್ತಿ ಖಾಲಿಯೂ ಬೇಡ, ಗಡದ್ದಾಗಿ ಉಂಡ ಕೂಡಲೇ ಹತ್ತುವುದೂ ಬೇಡ. ಘಾಟಿಗೆ ಅವರು ನುಂಗುವ ಮಾತ್ರೆ ಯಾವುದಾದರೂ ಇದ್ದರೆ ಡಾಕ್ಟರ ಹತ್ತಿರ ಕೇಳಿಯೇ ಒಯ್ಯಿರಿ. ಆ ಜಾತಿಯ ಮಾತ್ರೆಗಳಲ್ಲಿ ಕೆಲವು ಜೋರು ನಿದ್ದೆ ತರುತ್ತವೆ, ಆಮೇಲೆ ದಿನವಿಡೀ ಬೆಂಚಿನ ಮೇಲೆ ತೂಕಡಿಕೆ.

ಸಾಲಿನ ಲೆಕ್ಕ. ಡಿಸೆಂಬರ್ 25ರಿಂದ ಹೊಸ ವರ್ಷದವರೆಗೆ ಅಲ್ಲಿ ರಥಬೀದಿಯ ಪರ್ಯಾಯದ ರಾತ್ರಿಯಂಥ ಜನ. ತಿಂಗಳ ಮೊದಲ ಎರಡು ವಾರದಲ್ಲಿ ಹೋಗಲು ಆಗುತ್ತದಾ ಎಂದು ಭಾವನ ಹತ್ತಿರ ಕೇಳಿ. ಬಾಗಿಲು ತೆರೆದ ಕೂಡಲೇ ಒಂದು ರೈಡ್, ಮುಚ್ಚುವ ಮೊದಲಿನ ಕೊನೆಯ ಗಂಟೆಯಲ್ಲಿ ಇನ್ನೊಂದು. ಮಧ್ಯಾಹ್ನ ಗುಡುಗು ಬಂದರೆ ಹೊರಗಿನ ರೈಡ್‌ಗಳನ್ನು ನಿಲ್ಲಿಸುತ್ತಾರೆ. ಆಗ ಜನವೆಲ್ಲಾ ಒಳಗಿನ ರೈಡಿಗೆ ನುಗ್ಗುತ್ತಾರೆ, ನೀವು ಆಗ ಊಟಕ್ಕೆ ಹೋಗಿ. ಎರಡು ಗಂಟೆ ನಿಂತು ನೋಡುವಂಥದ್ದಾ ಎಂದು ಕೇಳಿದಿರಿ. ಒಬ್ಬನೇ ಹೋಗುವುದಾದರೆ ನಾನು ನಿಲ್ಲುತ್ತೇನೆ, ನನಗದು ಹುಚ್ಚು. 8 ವರ್ಷದ ಮಗನ ಜೊತೆ ನಿಲ್ಲುವುದಿಲ್ಲ. ಎರಡು ಗಂಟೆ ಕಾದ ಮಗುವಿಗೆ ಡ್ರಾಕುಲಾ ಬಂದರೂ ಬಾತ್‌ರೂಮ್ ನೆನಪಾಗುತ್ತದೆ.

ಮಗನ ವಿಷಯದಲ್ಲಿ ಎರಡು ಲೆಕ್ಕ ಬೇರೆ ಬೇರೆ. ಒಂದು ಧೈರ್ಯ. ವಿಟ್ಲಪಿಂಡಿಯ ದಿನ ಹುಲಿವೇಷ ಹತ್ತಿರ ಬಂದಾಗ ಅವನು ಏನು ಮಾಡುತ್ತಾನೆ? ನಿಮ್ಮ ಕಾಲಿನ ಹಿಂದೆ ಅಡಗಿ ಇಣುಕಿ ನೋಡುವವನಾದರೆ ತೊಂದರೆ ಇಲ್ಲ, ಆ ಇಣುಕುವ ಹೆದರಿಕೆಯೇ ಈ ರೈಡಿನ ಮಜಾ. ಕಿವಿ ಮುಚ್ಚಿ, ಮನೆಗೆ ಹೋಗುವ ಎಂದು ಅಳುವವನಾದರೆ ಇನ್ನೆರಡು ವರ್ಷ ಬಿಡಿ. ರೈಡಿನಲ್ಲಿ ಅಡಗಲು ನಿಮ್ಮ ಕಾಲು ಸಿಗುವುದಿಲ್ಲ, ಭುಜದ ಮೇಲೆ ಕಬ್ಬಿಣದ ಪಟ್ಟಿ ಬಿದ್ದಿರುತ್ತದೆ.

ಇನ್ನೊಂದು ಎತ್ತರ. ಇಲ್ಲಿ ಮಿತಿ 48 ಇಂಚು, ಅಂದರೆ ಸುಮಾರು 122 ಸೆಂಟಿಮೀಟರ್. ನಿಮ್ಮವನಿಗೆ ಒಂದು ಸೆಂಟಿಮೀಟರ್ ಕಡಿಮೆ. ಈ ವಯಸ್ಸಿನ ಮಕ್ಕಳು ಸಾಮಾನ್ಯವಾಗಿ ವರ್ಷಕ್ಕೆ 5-6 ಸೆಂಟಿಮೀಟರ್ ಬೆಳೆಯುತ್ತಾರೆ, ಹಾಗಾಗಿ ಡಿಸೆಂಬರ್ ಹೊತ್ತಿಗೆ ದಾಟುವ ಸಾಧ್ಯತೆ ಇದೆ. ಆದರೆ ಈಗಲೇ ಅವನಿಗೆ ಮಾತು ಕೊಡಬೇಡಿ. ಸಾಲಿನ ಬಾಗಿಲಲ್ಲೇ ಕೋಲು ಇಟ್ಟು ಅಳೆಯುತ್ತಾರೆ, ಅಳುವ ಮಗುವನ್ನು ಕಂಡು ಕನಿಕರಪಟ್ಟು ಬಿಡುವ ಕೆಲಸ ಅದಲ್ಲ. ಆ ಕೋಲು ಹಿಡಿದು ನಿಂತವರಲ್ಲಿ ನಾನೂ ಒಬ್ಬ. ಮಕ್ಕಳಿಗಿಂತ ಅಪ್ಪಂದಿರು ಜಾಸ್ತಿ ಜಗಳ ಆಡುತ್ತಾರೆ. ಭುಜದ ಪಟ್ಟಿ ಕೂರುವುದು ಎತ್ತರದ ಲೆಕ್ಕದಲ್ಲಿ. ಅರ್ಧ ಇಂಚು ಕಡಿಮೆ ಇದ್ದವನನ್ನು ತೋಳು ಓರೆ ಮಾಡಿದಾಗ ಹಿಡಿದುಕೊಳ್ಳುವುದು ಆ ಪಟ್ಟಿ ಮಾತ್ರ.

ಅಮ್ಮನನ್ನು ಹೊರಗೆ ಬೆಂಚಿನ ಮೇಲೆ ಬಿಟ್ಟು ಹೋಗಬೇಡಿ. ಸಾಲಿನಲ್ಲಿ ಅವರನ್ನೂ ಕರೆದುಕೊಂಡು ಹೋಗಿ, ಬಂಗಲೆ, ಮೊದಲ ಕೋಣೆಯ ಗೊಂಬೆಗಳು ಎಲ್ಲಾ ನೋಡಲಿ. ಹತ್ತುವ ಜಾಗದಲ್ಲಿ 'ಇವರು ಕೂರುವುದಿಲ್ಲ' ಎಂದು ಸಿಬ್ಬಂದಿಗೆ ಹೇಳಿದರೆ ಹೊರಹೋಗುವ ದಾರಿ ತೋರಿಸುತ್ತಾರೆ. ಮಗನ ಎತ್ತರ ಸಾಲದೆ ಹೋದರೆ ಅದಕ್ಕೂ ವ್ಯವಸ್ಥೆ ಇದೆ, ಅಲ್ಲಿ 'ಚೈಲ್ಡ್ ಸ್ವಾಪ್' ಎನ್ನುತ್ತಾರೆ. ಒಬ್ಬರು ಮಗುವಿನ ಜೊತೆ ಕೋಣೆಯಲ್ಲಿ ಕೂರುವುದು, ಇನ್ನೊಬ್ಬರು ರೈಡ್ ಮುಗಿಸಿ ಬಂದ ಮೇಲೆ ಮತ್ತೆ ಸಾಲು ನಿಲ್ಲದೆ ಇವರು ಹೋಗುವುದು. ಬಾಗಿಲಲ್ಲೇ ಕೇಳಿಕೊಳ್ಳಿ, ಒಳಗೆ ಹೋದ ಮೇಲೆ ಕೇಳಿದರೆ ಗೊಂದಲ.

ಮತ್ತೆ ಮಗನನ್ನು ಮನೆಯಲ್ಲಿ ಅಳೆಯುವಾಗ ಬೂಟು ಹಾಕಿಸಿ ಅಳೆಯಿರಿ. ಅಲ್ಲೂ ಸಾಮಾನ್ಯವಾಗಿ ಬೂಟು ಬಿಚ್ಚಿಸುವುದಿಲ್ಲ.